ದುಪ್ಪಟ್ಟು ಪುಡಿ

ಮುದ್ದಕ್ಕ ಎಳೆದು ನೋಡಿದಳು. ಒದ್ದೆ ರೇಷ್ಮೆ ಎಳೆ ಕೈಯಲ್ಲೇ ತುಂಡಾಯಿತು. ಸೋಪು, ಸೋಡಾ ಇಲ್ಲದೆ ಕಿಣ್ವದ ಪುಡಿಯಿಂದಲೇ ರೇಷ್ಮೆಯ ಅಂಟು ಬಿಡಿಸಬಹುದೆಂದು ತೋರಿಸಲು ಮೊಳಕಾಲ್ಮೂರಿಗೆ ಬಂದಿದ್ದ ವಿಜ್ಞಾನಿ ಸುನಿತಾ, ಸಂಜೆಯ ಬಸ್ಸು ತಪ್ಪಬಾರದೆಂದು ಪುಡಿಯನ್ನು ದುಪ್ಪಟ್ಟು ಸುರಿದಿದ್ದಳು.

"ನಾನೇ ನೀರು ಜಾಸ್ತಿ ಕಾಯಿಸ್ಬಿಟ್ಟೆ ಅನ್ಸುತ್ತೆ," ಎಂದು ಮುದ್ದಕ್ಕ ಹಣೆ ಚಚ್ಚಿಕೊಂಡಳು.

ನೂಲು ಕೊಡುವ ಜಯದೇವಪ್ಪ ಬಾಗಿಲಲ್ಲೇ ಸಿಡುಕಿದ. "ಮದುವೆ ಸೀರೆ ನೂಲು ಕಣಮ್ಮ ಇದು! ಇನ್ಮೇಲೆ ನಿನ್ನ ಮಗ್ಗಕ್ಕೆ ಒಂದೆಳೆನೂ ಕೊಡಲ್ಲ." ಆಮೇಲೆ ದನಿ ತಗ್ಗಿಸಿ ಸುನಿತಾಳನ್ನು ಕೇಳಿದ: "ಮೇಡಮ್ಮೋರೆ, ನಿಮ್ಮ ಪುಡೀದೇನಾದ್ರೂ ತೊಂದ್ರೆ ಐತಾ?"

ಸುನಿತಾಳ ಇಷ್ಟು ವರ್ಷಗಳ ಕೆಲಸವೆಲ್ಲ ಆ ಪುಡಿಯೇ ಆಗಿತ್ತು.

"ಇಲ್ಲ," ಎಂದಳು.

"ಅವ್ರನ್ನೇನು ಕೇಳ್ತೀರಿ ಯಜಮಾನ್ರೇ," ಎಂದು ಮುದ್ದಕ್ಕ ಅಡ್ಡ ಬಂದಳು. "ಪಾಪ, ನಮ್ಮ ಒಳ್ಳೇದಕ್ಕೆ ಅಂತ ಬಂದೋರು."