ಸುಟ್ಟ ತುದಿಯ ಕೋಲು

ಬಾಗಿಲು ಕೂರಲಿಲ್ಲ. ಯರ್ರಪ್ಪನ ಟ್ರೇಲರ್‌ಗೆಂದು ಶಿಲ್ಪಾ ಮೂರು ದಿನ ಕತ್ತರಿಸಿ, ಬೆಸುಗೆ ಹಾಕಿ, ನೀಲಿ ಬಣ್ಣ ಬಳಿದಿದ್ದ ಹಿಂಬಾಗಿಲು ಎರಡು ಮೂಲೆಗಂಬಗಳ ನಡುವೆ ಇಳಿಯದೆ ಅಲ್ಲೇ ಒರಗಿ ನಿಂತಿತು. ಚಳ್ಳಕೆರೆಯಲ್ಲಿ ಐವತ್ತು ವರ್ಷದಿಂದ ಟ್ರೇಲರ್, ಲಾರಿ, ಬಸ್ಸುಗಳ ಬಾಡಿ ಕಟ್ಟುತ್ತ ಬಂದ ಅಂಗಡಿಯ ಯಜಮಾನ ಶಿವಮೂರ್ತಪ್ಪನ ಮುಖ ಸಣ್ಣದಾಯಿತು. ಮಗಳು ಒಬ್ಬಳೇ ಮಾಡಿದ ಮೊದಲ ಕೆಲಸ ಅದು. ಇದೊಂದು ಸರಿಹೋದರೆ ಬರುವ ಸೋಮವಾರ ರಾಂಪುರದಲ್ಲಿ ಅವಳದೇ ಅಂಗಡಿ ತೆರೆಯುವುದೆಂದು ಮಾತಾಗಿತ್ತು.

“ಏನ್ ಸಾವ್ಕಾರ್ರೆ, ನಮ್ ಟ್ರೇಲರ್ ಸೊರಗೈತೋ, ನಿಮ್ ಬಾಗ್ಲು ಊದೈತೋ?” ಎಂದ ಯರ್ರಪ್ಪ. ಹೊಲದಲ್ಲಿ ಕಿತ್ತ ಶೇಂಗಾ ಕಾಯುತ್ತ ಬಿದ್ದಿದ್ದರೂ ಅವನಿಗೆ ತಮಾಷೆ.

ಶಿವಮೂರ್ತಪ್ಪ ಮಗಳನ್ನು ಕೇಳಿದ: “ಅಳತೆ ಎಂಗೆ ತಗಂಡೆ?”

“ಆರಡಿ ಟ್ರೇಲರ್ ಅಂತ ಫೋನಲ್ಲಿ ಹೇಳಿದ್ರು. ಟೇಪ್ ಹಿಡಿದು ಆರಡಿಗೆ ಕತ್ತರಿಸ್ದೆ. ನೀವು ಊರಾಗಿರ್ಲಿಲ್ಲ. ಕೊಡೋ ತನಕ ಕೋಲು ಮುಟ್ಟಂಗಿಲ್ವಲ್ಲ, ಅಪ್ಪಾಜಿ.”

ಅದು ನಿಜ. ಅಂಗಡಿಯ ಬಾಗಿಲ ಮೇಲೆ ತೂಗುವ ಆ ತೇಗದ ಕೋಲು ಶಿವಮೂರ್ತಪ್ಪನ ತಂದೆ ಸೋಮಶೇಖರಪ್ಪನದು. ಎತ್ತಿನ ಗಾಡಿ ಮಾಡುತ್ತಿದ್ದವನು ಮೊದಲ ಟ್ರೇಲರ್‌ಗೆ ಕೈ ಹಾಕಿದಾಗ ತಾನೇ ಗೀರು ಹಾಕಿಕೊಂಡ ಆರಡಿ ಕೋಲು. ಉದ್ದಕ್ಕೆ ಟೇಪ್ ಬಂದರೂ ಅಗಲಕ್ಕೆ ಇಂದಿಗೂ ಕೋಲೇ, ಅದೂ ಯಜಮಾನನ ಕೈಯಿಂದಲೇ. ಕೆಲಸ ಕಲಿತವರು ಬೇರೆ ಅಂಗಡಿ ಇಡುವ ದಿನ ಅದರಷ್ಟೇ ಉದ್ದದ ಹೊಸ ಕೋಲು ಕೊಯ್ದು, ತುದಿಯನ್ನು ಬೆಂಕಿಗೆ ಹಿಡಿದು ಕಪ್ಪು ಮಾಡಿ, ಕೈಗೆ ಕೊಡುವುದು ಪದ್ಧತಿ. ತುದಿ ಯಾಕೆ ಸುಡಬೇಕೆಂದು ಯಾರೂ ಕೇಳಿದವರಲ್ಲ. ದೃಷ್ಟಿ ತಾಗದಿರಲಿ ಅಂತ ಎಂದರು ಕೆಲವರು, ಗೆದ್ದಲು ಹತ್ತದಿರಲಿ ಅಂತ ಎಂದರು ಇನ್ನು ಕೆಲವರು. ಚಳ್ಳಕೆರೆಯಿಂದ ಮೊಳಕಾಲ್ಮೂರಿನವರೆಗೆ ಹಾಗೆ ಕೋಲು ಪಡೆದವರು ಹನ್ನೊಂದು ಮಂದಿ. ಅವರ ಹೆಸರು ಹೇಳುವಾಗ ಶಿವಮೂರ್ತಪ್ಪನ ಎದೆ ತಾನಾಗಿ ಮುಂದೆ ಬರುತ್ತಿತ್ತು.

ಅವನು ಟೇಪ್ ಇಸಿದುಕೊಂಡು ಮಗಳು ಮಾಡಿದ ಬಾಗಿಲನ್ನು ಅಳೆದ. ಸರಿಯಾಗಿ ಆರಡಿ. ಟ್ರೇಲರ್ ಅಳೆದ. ಐದಡಿ ಹತ್ತೂವರೆ ಇಂಚು. ಹನ್ನೆರಡು ವರ್ಷದ ಹಿಂದೆ ಅವನೇ ನಿಂತು ಕಟ್ಟಿದ ಟ್ರೇಲರ್ ಅದು. ಕಂಬ ಒಳಗೆ ಬಾಗಿರಬೇಕು ಎಂದ. ಯರ್ರಪ್ಪ ಒಪ್ಪಲಿಲ್ಲ. ಹೋದ ಸುಗ್ಗಿಯಲ್ಲಿ, ಈ ಅಂಗಡಿಯಲ್ಲೇ ಕೆಲಸ ಕಲಿತ ಮೊಳಕಾಲ್ಮೂರಿನ ಹೊನ್ನೂರಸ್ವಾಮಿ ಕಟ್ಟಿದ ಟ್ರೇಲರ್‌ನ ಬಾಗಿಲನ್ನೇ ಬಿಚ್ಚಿ ತಂದು ಹಾಕಿಕೊಂಡಿದ್ದನಂತೆ. ಕೂಸು ತೊಟ್ಟಿಲಲ್ಲಿ ಮಲಗಿದ ಹಾಗೆ ಕೂತಿತ್ತಂತೆ. ಶಿಲ್ಪಾ ರಸ್ತೆ ದಾಟಿ ಹೋದಳು. ಎದುರಿನ ವೀರೇಶನೂ ಇಲ್ಲೇ ಕಲಿತವನು. ಅವನ ಅಂಗಡಿಯಿಂದ ಇಬ್ಬರ ಕೈಲಿ ಒಂದು ಹಿಂಬಾಗಿಲು ಹೊರಿಸಿಕೊಂಡು ಬಂದಳು. ಅದು ಸುತ್ತಿಗೆಯ ಒಂದು ಏಟೂ ಬೇಡದೆ ಕೂತುಬಿಟ್ಟಿತು.

ಶಿವಮೂರ್ತಪ್ಪ ಕೋಲು ಇಳಿಸಿ ಅದರ ಪಕ್ಕ ಟೇಪ್ ಹಾಸಿದ. ಐದಡಿ ಹತ್ತೂವರೆ. ಪಕ್ಕದಲ್ಲಿ ಬಿದ್ದಿದ್ದ ಟೈರಿನ ಮೇಲೆ ಕೂತ. ಈ ಕೋಲಲ್ಲಿ ಕೂದಲೆಳೆಯಷ್ಟು ತಪ್ಪು ತೋರಿಸಿ ಎಂದು ಎಷ್ಟು ಜನರ ಮುಂದೆ ಮೀಸೆ ತಿರುವಿದ್ದ. ಅಪ್ಪನ ಅಳತೆಯೇ ತಪ್ಪಿತ್ತೆ?

ಶಿಲ್ಪಾ ಮಾತ್ರ ಬಗ್ಗಿ ಒಂದೊಂದೇ ಗೀರನ್ನು ಟೇಪಿಗೆ ಹಿಡಿದು ನೋಡುತ್ತಿದ್ದಳು. ಕೊನೆಗೆ ಕಪ್ಪು ತುದಿಯನ್ನು ಬೆರಳಿಂದ ಸವರಿದಳು.

“ತಾತ ತಪ್ಪಿಲ್ಲ ಅಪ್ಪಾಜಿ. ಐದು ಅಡೀನೂ ಗೀರಿಗೆ ಗೀರು ಸರಿ ಐತೆ. ಆರನೇದ್ರಾಗೆ ಒಂದೂವರೆ ಇಂಚು ಕುಲುಮೆ ತಿಂದೈತೆ.”

ಶಿವಮೂರ್ತಪ್ಪ ಆ ತುದಿಯನ್ನೇ ದಿಟ್ಟಿಸಿದ. ಅಪ್ಪ ಎಂದೋ ಕುಲುಮೆಯ ಪಕ್ಕ ಮರೆತಿಟ್ಟ ಕೋಲು ಉರಿದಿರಬೇಕು; ಇದ್ದಷ್ಟರಲ್ಲೇ ಕೆಲಸ ನಡೆದಿರಬೇಕು. ಗುರುವಿನ ಕೋಲಿನ ತುದಿ ಕಪ್ಪಗಿತ್ತೆಂದು ಶಿಷ್ಯರೂ ತಮ್ಮ ಕೋಲಿನ ತುದಿಯನ್ನು ಸುಟ್ಟುಕೊಂಡರು. ಹನ್ನೊಂದು ಅಂಗಡಿ, ಎರಡು ತಾಲ್ಲೂಕು, ಲೆಕ್ಕ ಇಡಲಾಗದಷ್ಟು ಟ್ರೇಲರ್. ಯಾರ ಬಾಗಿಲಾದರೂ ಯಾರ ಗಾಡಿಗಾದರೂ ಕೂರುತ್ತದೆ. ಕಂಪನಿಯಿಂದ ಬಂದದ್ದು ಮಾತ್ರ ಯಾವುದಕ್ಕೂ ಕೂರುವುದಿಲ್ಲ. ಅವನಿಗೆ ಮೊದಲು ನಗು ಬಂತು, ಆಮೇಲೆ ಕಣ್ಣು ತುಂಬಿತು. ತನ್ನ ಅಪ್ಪನ ಮೇಲೆ ಅಷ್ಟು ಹೆಮ್ಮೆ ಅವನಿಗೆ ಹಿಂದೆಂದೂ ಆಗಿರಲಿಲ್ಲ. ಮಗಳ ಮೇಲೂ.

ಶಿಲ್ಪಾ ಬಾಗಿಲಿನ ಒಂದೂವರೆ ಇಂಚು ಕತ್ತರಿಸಿ ಮತ್ತೆ ಬೆಸುಗೆ ಹಾಕಿಕೊಟ್ಟಳು. ಯರ್ರಪ್ಪ ಶೇಂಗಾ ತುಂಬಲು ಹೊರಟುಹೋದ. ಶಿವಮೂರ್ತಪ್ಪ ಸೋಮವಾರದವರೆಗೂ ಕಾಯಲಿಲ್ಲ. ಅಟ್ಟದಿಂದ ಹೊಸ ತೇಗದ ಪಟ್ಟಿಯೊಂದನ್ನು ಇಳಿಸಿ, ಗರಗಸವನ್ನು ಮಗಳ ಕೈಗೆ ಕೊಟ್ಟ.

“ಟೇಪಿನ ಆರಡೀಗೆ ಕೊಯ್ತೀಯೋ, ನಮ್ ಆರಡೀಗೋ?”

ಶಿಲ್ಪಾ ಟೇಪನ್ನು ಸುತ್ತಿ ಪಕ್ಕಕ್ಕಿಟ್ಟಳು. ಹಳೆಯ ಕೋಲನ್ನು ಹೊಸದರ ಮೇಲಿಟ್ಟು ಗೀರು ಹಾಕಿ ಕೊಯ್ದಳು. ಆಮೇಲೆ ಗ್ಯಾಸ್ ಹೊತ್ತಿಸಿ ಅದರ ತುದಿಯನ್ನು ಉರಿಗೆ ಹಿಡಿದಳು.

“ಹುಷಾರವ್ವ,” ಎಂದ ಅಪ್ಪ, “ಇನ್ನೊಂದು ಇಂಚು ತಿಂದ್ರೆ ರಾಂಪುರಕ್ಕೇ ಬ್ಯಾರೆ ಆರಡಿ ಆಗ್ತೈತೆ.”