ಅಫಿಯೆಮಿ

ಥಿಯಾಲಜಿ ಕಾಲೇಜಿನಲ್ಲಿ ಗ್ರೀಕ್ ಕಲಿಸುವ ಸತ್ಯಾನಂದ ಸಿಟ್ಟಿನಲ್ಲಿ ಹೆಂಡತಿ ಹನ್ನಾಳ ಬಲಗೈ ಮುರಿದಿದ್ದ. ಅಂದಿನಿಂದ ತನ್ನ ತಮ್ಮನ ಮನೆಯಲ್ಲಿದ್ದ ಅವಳನ್ನು ಸಭೆಯ ಹಿರಿಯರೊಬ್ಬರು ರಾಜಿಗೆಂದು ಚರ್ಚಿಗೆ ಕರೆಸಿದ್ದರು. ಕೈಗೆ ಇನ್ನೂ ಪ್ಲಾಸ್ಟರ್ ಇತ್ತು.

"ಕ್ಷಮಿಸ್ಬೇಕು ಅಂತ ಯೇಸುಸ್ವಾಮಿ ಕಲಿಸಿದ ಪ್ರಾರ್ಥನೆಯಲ್ಲೇ ಉಂಟಲ್ಲ" ಎಂದ ಸತ್ಯಾನಂದ. "ಬೈಬಲಿನ ಮೂಲ ಗ್ರೀಕಿನಲ್ಲಿ ಅಫಿಯೆಮಿ."

"ಆ ಶಬ್ದಕ್ಕೆ ಅದೊಂದೇ ಅರ್ಥವಾ?" ಹನ್ನಾ ಕೇಳಿದಳು.

ಕ್ಲಾಸಿನಲ್ಲಿ ಒಳ್ಳೆಯ ಪ್ರಶ್ನೆ ಬಂದಾಗಿನ ಖುಷಿ ಅವನ ಮುಖದಲ್ಲಿ ಕಂಡಿತು. "ಅಲ್ಲ, ಮೂಲ ಅರ್ಥ ಬಿಟ್ಟುಬಿಡುವುದು. ಶಿಷ್ಯರು ಬಲೆ ಬಿಟ್ಟು ಯೇಸುವಿನ ಹಿಂದೆ ಹೋದದ್ದಕ್ಕೂ ಇದೇ ಕ್ರಿಯಾಪದ. ಹೆಂಡತಿ ಗಂಡನನ್ನು ಬಿಡಬಾರದು ಅಂತ ಅಪೊಸ್ತಲ ಪೌಲ ಬರೆಯುವಾಗ, ಆ ಬಿಡುವುದಕ್ಕೂ ಇದೇ."

ಹಿರಿಯರಿಗೆ ತಾಳ್ಮೆ ತಪ್ಪಿತು. "ಪಾಠ ಆಮೇಲೆ ಮಾಡಿ ಮಾರಾಯ್ರೆ. ನೀನು ಹೇಳಮ್ಮ, ಕ್ಷಮಿಸಿದ್ದೀಯಾ ಇಲ್ವಾ?"

"ಕ್ಷಮಿಸಿದ್ದೇನೆ."

ಹಿರಿಯರು ಕಣ್ಣು ಮುಚ್ಚಿ ದೇವರಿಗೆ ಸ್ತೋತ್ರ ಹೇಳಿದರು. ಸತ್ಯಾನಂದ ಎದ್ದು ನಿಂತ. "ನಡಿ ಹಾಗಾದ್ರೆ, ಮನೆಗೆ ಹೋಗುವ."

ಹನ್ನಾ ಎಡಗೈಯಿಂದ ಚೀಲ ತಡಕಿ, ವಿಚ್ಛೇದನಕ್ಕೆ ವಕೀಲರು ಬರೆದ ನೋಟಿಸನ್ನು ಅವನ ಮುಂದಿಟ್ಟಳು.

"ನಾನು ಹೇಳಿದ್ದು ಗ್ರೀಕಿನಲ್ಲಿ."