ನಲವತ್ತೊಂದನೇ ಟೇಕ್

"ಇವತ್ತು ಅವನ ಕಥೆ ಮುಗೀತು ಸಾರ್," ಎಂದಳು ಅವಳು, ಪೆನ್‌ಡ್ರೈವ್ ಚುಚ್ಚುತ್ತಾ.

ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿದ್ದ ವಕೀಲರು ಗಡಿಯಾರ ನೋಡಿದರು. ಭಾನುವಾರ ಬೆಳಿಗ್ಗೆ ಹನ್ನೊಂದು. "ಇನ್ನೂ ನಿಮ್ಮ ಕಂಪ್ಯೂಟರೇ ಕಣ್ಣು ಬಿಟ್ಟಿಲ್ಲವಲ್ಲಮ್ಮ."

ಅವಳು ಈ ರೆಕಾರ್ಡಿಂಗ್ ಸಾಫ್ಟ್‌ವೇರ್ ಮುಟ್ಟಿ ಒಂಬತ್ತು ವರ್ಷವಾಗಿತ್ತು. ಈಗ ಔಷಧಿ ಅಂಗಡಿಯಲ್ಲಿ ಕೆಲಸ. ಒಂದು ವಾರದಿಂದ ಅಂಗಡಿಯಿಂದ ಬಂದವಳೇ ಇದರ ಮುಂದೆ ಕೂತು ಒಂದೊಂದೇ ಗುಂಡಿ ತಡಕಿದ್ದಳು. ಕತ್ತರಿಸುವ ಕೀ ಯಾವುದೆಂದು ತಲೆ ಮರೆತಿತ್ತು, ಬೆರಳು ಮರೆತಿರಲಿಲ್ಲ.

ಪರದೆಯ ಮೇಲೆ ಹಳೆಯ ಫೈಲ್ ತೆರೆದುಕೊಂಡಿತು. ತಂಗಿಯ ದನಿ. ಒಂದರ ಕೆಳಗೊಂದು ನಲವತ್ತೊಂದು ಟೇಕ್.

ತಂಗಿಗೆ ಆಗ ಹತ್ತೊಂಬತ್ತು. ಹೊಳೆಯಾಚೆಯ ಸಂಗೀತ ನಿರ್ದೇಶಕ ಒಂದು ಹಾಡು ಕಳಿಸಿ, ಹಾಡಿ ತೋರಿಸು ಎಂದಿದ್ದ. ಇದೇ ಕೋಣೆಯಲ್ಲಿ ಅವಳು ತಂಗಿಯನ್ನು ಮೈಕಿನ ಮುಂದೆ ನಿಲ್ಲಿಸಿದ್ದಳು. ಸರಿಯಾಗುವವರೆಗೆ ಬಿಡಲಿಲ್ಲ. "ಗಂಟಲಿಗೇನು ತುಕ್ಕು ಹಿಡಿದಿದೆಯಾ?" ಎಂದು ಬೈದದ್ದೂ ಉಂಟು. ಕಲಿಸುವವರು ಬೈಯದೆ ಇರುತ್ತಾರೆಯೇ? ನಲವತ್ತೊಂದನೆಯದನ್ನು ಕಳಿಸಿದರು. ಬಾ ಎಂದು ಕರೆ ಬಂತು. ತಂಗಿ ಚೀಲ ಹೆಗಲಿಗೇರಿಸಿ ದೋಣಿಕಟ್ಟೆಗೆ ಹೋದಳು.

ನಡುಹೊಳೆಯಲ್ಲಿ ದೋಣಿ ಮಗುಚಿತು. ಚೀಲ ಸಿಕ್ಕಿತು. ತಂಗಿ ಸಿಗಲಿಲ್ಲ.

ನಿರ್ದೇಶಕ ಸಂತಾಪದ ಒಂದು ಮಾತೂ ಆಡಲಿಲ್ಲ. ಫೋನ್ ಮಾಡಿದರೆ, "ನನಗೇನೂ ಗೊತ್ತಿಲ್ಲಮ್ಮ," ಎಂದು ಇಟ್ಟುಬಿಟ್ಟ.

ಹೋದ ತಿಂಗಳು ಅದೇ ಹಾಡು ಹೊರಬಂತು. ಗಾಯಕಿಗೆ ಯಾವುದೋ ಹೆಸರು. ಫೋಟೋ ಇಲ್ಲ, ವೇದಿಕೆ ಹತ್ತುವುದಿಲ್ಲ. ಅಂಗಡಿಯ ರೇಡಿಯೋದಲ್ಲಿ ಮೊದಲ ಸಾಲು ಕೇಳಿದಾಗಲೇ ಅವಳ ಕೈಯಲ್ಲಿದ್ದ ಸಿರಪ್ ಬಾಟಲಿ ನೆಲಕ್ಕೆ ಬಿದ್ದಿತ್ತು.

ನಿರ್ದೇಶಕನ ಸ್ಟುಡಿಯೋಗೆ ಕಂಪ್ಯೂಟರ್ ರಿಪೇರಿಗೆ ಹೋಗುವ, ಎಲ್ಲರೂ ಪೆನ್ಸಿಲ್ ಎಂದು ಕರೆಯುವ ಹಳೆಯ ಪರಿಚಯದವನನ್ನು ಹಿಡಿದಳು. ಆ ಹಾಡಿನ ಮೂಲ ರೆಕಾರ್ಡಿಂಗನ್ನು ಈ ಪೆನ್‌ಡ್ರೈವ್‌ಗೆ ಹಾಕಿ ನಿನ್ನೆ ಸಂಜೆ ತಂದುಕೊಟ್ಟ. "ಫೋಲ್ಡರ್ ಪೂರ್ತಿ ಇದೆ ಮೇಡಂ, ಚೂರೂ ಬಿಟ್ಟಿಲ್ಲ. ನನ್ನ ಹೆಸರು ಮಾತ್ರ ಬಾಯಿಗೆ ಬರ್ಬಾರ್ದು."

"ದನಿ ಅವಳ ಥರಾನೇ ಇದೆ ಅಂದ್ರೆ ಕೋರ್ಟ್ ಕೇಳಲ್ಲ," ಎಂದರು ವಕೀಲರು.

"ಥರ ಅಲ್ಲ ಸಾರ್, ಅದೇ. ಸತ್ತವಳ ದನಿ ಮಾರ್ತಿದಾನೆ. ನೋಡಿ, ಒಂದೇ ರೆಕಾರ್ಡಿಂಗಿನ ಎರಡು ಪ್ರತಿ ಜೋಡಿಸಿ, ಒಂದರ ಅಲೆನ ತಲೆಕೆಳಗು ಮಾಡಿ ಒಟ್ಟಿಗೆ ಬಿಟ್ರೆ, ಒಂದನ್ನೊಂದು ನುಂಗಿಬಿಡುತ್ತೆ. ಪೂರ್ತಿ ಮೌನ."

"ಅದೇ ಹಾಡನ್ನ ಎರಡನೇ ಸಲ ಹಾಡಿದ್ರೆ?"

"ಎಂಥ ಪಳಗಿದ ಗಂಟಲಾದ್ರೂ ಕೂದಲೆಳೆಯಷ್ಟು ಆಚೀಚೆ ಆಗುತ್ತೆ. ಕರಗಲ್ಲ."

"ಅಂದ್ರೆ ಏನೂ ಕೇಳಿಸದಿದ್ರೆ ನಾವು ಗೆದ್ವಿ." ವಕೀಲರು ಕನ್ನಡಕ ಒರೆಸಿಕೊಂಡರು. "ಮೂವತ್ತು ವರ್ಷದ ವೃತ್ತಿಯಲ್ಲಿ ಬಾಯೇ ಬಿಡದ ಸಾಕ್ಷಿ ಇದೇ ಮೊದಲು. ಪರಿಹಾರ ಎಷ್ಟು ಕೇಳೋಣ?"

"ಪರಿಹಾರ ಯಾರಿಗೆ ಬೇಕು? ಅವನ ಸ್ಟುಡಿಯೋಗೆ ಬೀಗ ಬೀಳ್ಬೇಕು. ಅವನು ಕರೀದೇ ಇದ್ದಿದ್ರೆ ಅವಳು ಆ ದೋಣಿ ಹತ್ತಾನೇ ಇರ್ಲಿಲ್ಲ."

ಸ್ಟುಡಿಯೋ ಫೈಲಿನ ವಾದ್ಯಗಳೆಲ್ಲದರ ಬಾಯಿ ಮುಚ್ಚಿಸಿದಳು. ಬರಿಯ ದನಿ ಉಳಿಯಿತು. ಅದರ ಕೆಳಗೆ ನಲವತ್ತೊಂದನೇ ಟೇಕ್ ಎಳೆದು, ಮೊದಲ ಅಕ್ಷರಕ್ಕೆ ಮೊದಲ ಅಕ್ಷರ ಕೂಡಿಸಿದಳು. ಅಲೆ ತಲೆಕೆಳಗು ಮಾಡುವ ಗುಂಡಿ ಒತ್ತಿದಳು. ಸ್ಪೀಕರಿನ ದನಿ ಏರಿಸಿದಳು.

ಮೌನವಾಗಲಿಲ್ಲ.

ಇಬ್ಬರು ಹಾಡುತ್ತಿದ್ದರು. ಒಂದು ದನಿ ತೆಳು, ಹೆದರಿದ್ದು. ಇನ್ನೊಂದು ತುಂಬಿಕೊಂಡದ್ದು, ಆತುರವಿಲ್ಲದ್ದು. ಅವಳು ಮತ್ತೆ ಜೋಡಿಸಿದಳು. ಮತ್ತೆ ಇಬ್ಬರು. ಇನ್ನೂ ಹತ್ತಿರ ಹಿಗ್ಗಿಸಿ ನೋಡಿ ಜೋಡಿಸಿದಳು. ಮತ್ತೂ ಇಬ್ಬರೇ.

"ಸಾಕ್ಷಿ ಬಾಯಿ ಬಿಡ್ತಲ್ಲಮ್ಮ," ಎಂದು ವಕೀಲರು ಫೈಲು ಮುಚ್ಚಿದರು.

"ಕೂತ್ಕೊಳ್ಳಿ ಸಾರ್. ಏನೋ ಕೈಚಳಕ ತೋರ್ಸಿದಾನೆ. ಅದನ್ನೂ ಹೊರಗೆ ಎಳೀತೀನಿ."

ಆಗ ಬೆರಳಿಗೆ ಇನ್ನೊಂದು ನೆನಪಾಯಿತು. ಇಲ್ಲಿ ಕತ್ತರಿಸಿದ್ದು ಅಳಿಸಿಹೋಗುವುದಿಲ್ಲ, ಅಂಚಿನಡಿ ಮಡಚಿಕೊಂಡು ಕೂತಿರುತ್ತದೆ. ತಂಗಿಯ ಹಳೆಯ ಟೇಕನ್ನು ಸುಮ್ಮನಾಗಿಸಿದಳು. ಸ್ಟುಡಿಯೋ ದನಿಯ ಬಾಲದ ಅಂಚು ಹಿಡಿದು ಬಲಕ್ಕೆ ಎಳೆದಳು. ಹಾಡು ಮುಗಿದಲ್ಲಿಂದ ಮುಂದಕ್ಕೆ ಅಲೆಗಳು ಬಿಚ್ಚಿಕೊಂಡವು.

ಸ್ಪೀಕರಿನಲ್ಲಿ ಕುರ್ಚಿ ಸರಿದ ಸದ್ದು. ದೂರದಲ್ಲೆಲ್ಲೋ ಮಗುವಿನ ಅಳು. ಆಮೇಲೆ ನಿರ್ದೇಶಕನ ದನಿ: "ಸಾಕು ಬಿಡಮ್ಮ, ಚೆನ್ನಾಗ್ ಬಂದಿದೆ. ಹೋಗಿ ಮಗೂನ ಎತ್ಕೋ."

"ಬಂದೆ ಕಂದಾ, ಒಂದೇ ನಿಮಿಷ... ಇನ್ನೊಂದ್ ಸಲ ಹಾಡ್ಬಿಡ್ತೀನಿ ಸಾರ್. ಇದನ್ನ ನಮ್ಮಕ್ಕ ಏನಾದ್ರೂ ಕೇಳಿದ್ರೆ, ನಲವತ್ತೆರಡು ಅಂತಿದ್ಲು."